ಅಳಿಯನ ಕೋಣೆಯ ಬಾಡಿಗೆ

ಬೋಳಾರದ ಮೈಮೂನಕ್ಕ ಕೆಟ್ಟ ಹೆಂಗಸಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಓದುತ್ತಾ ಹೋದಂತೆ ನಿಮಗೆ ಹಾಗೆ ಅನ್ನಿಸಬಹುದು. ನಾನು ಒಳ್ಳೆಯವನೋ ಎಂದು ಕೇಳಿದರೆ ನನ್ನ ಹತ್ತಿರ ಅಷ್ಟು ಸಲೀಸಾದ ಉತ್ತರ ಇಲ್ಲ.

ನಾನು ಮನೆ ಬ್ರೋಕರ್ ಶೀನಪ್ಪ. ಮಂಗಳೂರಿನ ಕೊಡಿಯಾಲ್‌ಬೈಲಿನ ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ ಒಂದು ಮೇಜು, ಎರಡು ಪ್ಲಾಸ್ಟಿಕ್ ಕುರ್ಚಿ. ಇಷ್ಟೇ ನನ್ನ ಆಫೀಸು. ನನ್ನಜ್ಜನ ಮನೆಗೆ ಒಕ್ಕಲುಗಳಿಂದ ಮುಡಿಗಟ್ಟಲೆ ಗೇಣಿ ಅಕ್ಕಿ ಬರುತ್ತಿತ್ತಂತೆ. ಭೂಮಸೂದೆ ಬಂದು ಅದೆಲ್ಲ ಹೋಯಿತು. ಮೊಮ್ಮಗ ಈಗ ಬೇರೆಯವರ ಮನೆಯ ಬಾಡಿಗೆಯಲ್ಲಿ ಪಾಲು ತಿಂದು ಬದುಕುತ್ತಿದ್ದಾನೆ. ಕೂತು ತಿನ್ನುವ ಚಟ ಮಾತ್ರ ಕಾನೂನಿಗೆ ಸಿಗಲಿಲ್ಲ ಎಂದು ನನ್ನ ಹೆಂಡತಿ ತಮಾಷೆ ಮಾಡುತ್ತಾಳೆ.

ಮೈಮೂನಕ್ಕನ ಗಂಡ ಅಹ್ಮದ್ ಬಾವ ಸೌದಿಯ ದಮಾಮಿನ ದಿನಸಿ ಅಂಗಡಿಯೊಂದರಲ್ಲಿ ಇಪ್ಪತ್ತಾರು ವರ್ಷ ದುಡಿದವರು. ದುಡಿದದ್ದನ್ನು ಬ್ಯಾಂಕಿನಲ್ಲಿಟ್ಟು ಬಡ್ಡಿ ತಿನ್ನುವುದು ಅವರಿಗೆ ಹರಾಮು, ಬಾಡಿಗೆ ಆಗಬಹುದು. ಹಾಗಾಗಿ ಇದ್ದದ್ದನ್ನೆಲ್ಲ ಸುರಿದು ಬೋಳಾರದಲ್ಲಿ, ಹೊಳೆ ಕಾಣುವ ಓಣಿಯಲ್ಲಿ, ಒಂದು ಮಹಡಿ ಮನೆ ಕೊಂಡರು. ಕೆಳಗೆ ತಾವು, ಮೇಲೆ ಬಾಡಿಗೆಯವರು. ಊರಿಗೆ ಬಂದು ಕೂತ ಎರಡನೇ ವರ್ಷದಲ್ಲಿ ಹೃದಯಾಘಾತವಾಗಿ ತೀರಿಕೊಂಡರು. ಮೈಮೂನಕ್ಕನಿಗೆ ಉಳಿದದ್ದು ಆ ಮನೆ, ಮಗಳು ಹಫ್ಸಾ, ಮತ್ತು ಮೇಲಿನಿಂದ ತಿಂಗಳಿಗೆ ಒಂಬತ್ತೂವರೆ ಸಾವಿರ.

ಆಗ ಅಲ್ಲಿಗೆ ಹೋದವನು ನಾನು. ಅರುವತ್ತು ಲಕ್ಷ ಬಾಳುವ ಮನೆಯಿಂದ ಒಂಬತ್ತೂವರೆ ಸಾವಿರ ಅಂದರೆ ಮನೆ ನಿಮ್ಮನ್ನು ಸಾಕುತ್ತಿಲ್ಲ, ನೀವೇ ಮನೆಯನ್ನು ಸಾಕುತ್ತಿದ್ದೀರಿ ಎಂದು ಹೇಳಿದೆ. ಇದು ನಾನು ಎಲ್ಲರಿಗೂ ಹೇಳುವ ಮಾತು. ಮೇಲೆ ಹನ್ನೊಂದು ವರ್ಷದಿಂದ ಒಬ್ಬ ಕಾಲೇಜು ಗುಮಾಸ್ತನ ಸಂಸಾರ ಇತ್ತು. ಬಾಡಿಗೆಯನ್ನು ಒಮ್ಮೆಲೇ ಹದಿನೈದಕ್ಕೆ ಏರಿಸಿ ಅವರನ್ನು ಎಬ್ಬಿಸಿದೆವು. ಹಾಲಿಗೆ ಪ್ಲೈವುಡ್ ಅಡ್ಡ ಹಾಕಿ, ಇನ್ನೊಂದು ಬಾತ್‌ರೂಮ್ ಕಟ್ಟಿಸಿ, ನರ್ಸಿಂಗ್ ಓದುವ ಆರು ಹುಡುಗಿಯರನ್ನು ತಂದು ಹಾಕಿದೆ. ತಲೆಗೆ ನಾಲ್ಕೂವರೆ ಸಾವಿರ. ಗುಮಾಸ್ತನ ಹೆಂಡತಿ ಹೋಗುವಾಗ ಮೈಮೂನಕ್ಕನ ಕೈ ಹಿಡಿದುಕೊಂಡು ಅತ್ತಳು. ಮೈಮೂನಕ್ಕನೂ ಅತ್ತರು, ಅತ್ತು ಮುಗಿಸಿ ಮೇಲೆ ಹೋಗಿ ಗೋಡೆಗೆ ಎಷ್ಟು ಪೇಂಟು ಬೇಕಾಗಬಹುದು ಎಂದು ನೋಡಿ ಬಂದರು.

ಕೆಳಗೆ ಮೂರು ಕೋಣೆ. ಅದರಲ್ಲಿ ಎಲ್ಲಕ್ಕಿಂತ ಒಳ್ಳೆಯದು ಅಳಿಯನದು. ಹಳೆಯ ಕ್ರಮ ಹಿಡಿದ ಬ್ಯಾರಿ ಮುಸ್ಲಿಮರ ಮನೆಗಳಲ್ಲಿ ಮದುವೆಯಾದ ಮೇಲೂ ಮಗಳು ತಾಯಿಮನೆಯಲ್ಲೇ ಇರುತ್ತಾಳೆ, ಒಂದು ಕೋಣೆಯನ್ನು ಅಳಿಯನಿಗೆಂದೇ ಸಿಂಗರಿಸಿ ಇಡುತ್ತಾರೆ. ಅವನು ಯಾವಾಗ ಬಂದರೂ ಅದು ಅವನದೇ. ಬೇರೆಯವರು ಅಲ್ಲಿ ಮಲಗುವ ಹಾಗಿಲ್ಲ. ತೇಗದ ಮಂಚ, ಎಸಿ, ಅಂಟಿಕೊಂಡೇ ಇರುವ ಬಾತ್‌ರೂಮ್, ಹೊಳೆಯ ಕಡೆ ಕಿಟಕಿ. ಅಹ್ಮದ್ ಬಾವ ತಮಗೆಂದು ಒಂದು ಒಳ್ಳೆಯ ಕುರ್ಚಿ ಕೊಂಡವರಲ್ಲ, ಆದರೆ ಆ ಮಂಚಕ್ಕೆ ಎಂಬತ್ತು ಸಾವಿರ ಕೊಟ್ಟಿದ್ದರು.

ಅಳಿಯ ಸುಹೈಬ್ ದೋಹಾದಲ್ಲಿ ಒಂದು ಕಂಪನಿಯ ಆಫೀಸಿನಲ್ಲಿದ್ದ. ವರ್ಷಕ್ಕೆ ನಲವತ್ತು ದಿನ ರಜೆಯಲ್ಲಿ ಬರುತ್ತಿದ್ದ. ಅವನ ತಾಯಿಯ ಮನೆ ನಗರದ ಆಚೆ ತುದಿಯ ಕಾವೂರಿನಲ್ಲಿ. ಮದುವೆಯಾಗಿ ಆರು ವರ್ಷವಾದರೂ ಮಕ್ಕಳಾಗಿರಲಿಲ್ಲ. ಕಾವೂರಿನಲ್ಲಿ ಹಫ್ಸಾಳ ಹೊಟ್ಟೆಯನ್ನು ಕಣ್ಣಲ್ಲೇ ಅಳೆಯುವುದು ಶುರುವಾಗಿತ್ತು. ನಗರದ ಡಾಕ್ಟರು ಎರಡೂವರೆ ಲಕ್ಷದ ಚಿಕಿತ್ಸೆ ಹೇಳಿದ್ದರು, ಗಂಡ ಊರಲ್ಲಿರುವಾಗಲೇ ಆಗಬೇಕು ಎಂದಿದ್ದರು. ಅಳಿಯನ ಹತ್ತಿರ ಆ ದುಡ್ಡು ಕೇಳಿದರೆ ನಮ್ಮ ಹುಡುಗಿಯಲ್ಲೇ ದೋಷ ಎಂದು ನಾವೇ ಒಪ್ಪಿಕೊಂಡ ಹಾಗೆ ಎಂಬುದು ಮೈಮೂನಕ್ಕನ ಲೆಕ್ಕ. ಮುಂದಿನ ರಜೆಗೆ ಅವನು ಬರುವಷ್ಟರಲ್ಲಿ ಹಣ ಕೈಯಲ್ಲಿರಬೇಕಿತ್ತು. ಮಗಳ ಸಂಸಾರ ಆ ಚಿಕಿತ್ಸೆಯ ಮೇಲೆ ನಿಂತಿದೆ ಎಂದು ಅವರು ನಂಬಿದ್ದರು.

"ಆ ಕೋಣೆ ಕೊಡಿ ಮೈಮೂನಕ್ಕ" ಎಂದೆ ನಾನು. ಮಂಗಳೂರಿಗೆ ಜನ ಬರುವುದು ಓದಲಿಕ್ಕೆ, ಇಲ್ಲದಿದ್ದರೆ ಮದ್ದಿಗೆ. ರೋಗಿಗಳ ಕಡೆಯವರು ದಿನಬಾಡಿಗೆಯ ಕೋಣೆಗೆ ಹುಡುಕಿಕೊಂಡು ನನ್ನ ಮೆಟ್ಟಿಲ ಕೆಳಗೆ ಕಾಯುತ್ತಾರೆ.

"ಎಂತ ಹೇಳ್ತೀರಿ ಶೀನಪ್ಪಣ್ಣ? ಅದು ಅಳಿಯಂದು."

"ಅಳಿಯ ನಲ್ವತ್ತು ದಿನ ಇರ್ತಾನೆ. ಬಾಕಿ ಮುನ್ನೂರಿಪ್ಪತ್ತೈದು ದಿನ? ದಿನಕ್ಕೆ ಸಾವಿರದ ಇನ್ನೂರು ಬರ್ತದೆ. ಮೇಲಿನ ಆರು ಜನ ಕೊಡುವುದಕ್ಕಿಂತ ಆ ಒಂದೇ ಕೋಣೆ ಜಾಸ್ತಿ ಕೊಡ್ತದೆ."

ಹಫ್ಸಾ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ಉಮ್ಮ, ಗೊತ್ತಾದ್ರೆ ನನ್ನನ್ನು ಇಟ್ಕೊಳ್ಳುದಿಲ್ಲ ಅವರು" ಎಂದಳು. ಅವಳ ಹೆದರಿಕೆ ಸುಮ್ಮನೆ ಬಂದದ್ದಲ್ಲ. ಅದೇ ಓಣಿಯ ಇನ್ನೊಂದು ಮನೆಯಲ್ಲಿ ಅಳಿಯ ಬಂದಾಗ ಅವನ ಕೋಣೆಯ ಮೊಳೆಯಲ್ಲಿ ಬೇರೆ ಯಾರದೋ ಅಂಗಿ ನೇತಾಡುತ್ತಿತ್ತಂತೆ. ಅವನು ನೀರೂ ಕುಡಿಯದೆ ತಿರುಗಿ ಹೋದವನು ಎರಡು ವರ್ಷ ಆ ಮನೆ ಮೆಟ್ಟಲಿಲ್ಲ. ಈ ಕತೆಯನ್ನು ಸುಹೈಬನ ತಾಯಿ ಮದುವೆ ಮನೆಗಳಲ್ಲಿ ಹಫ್ಸಾಳ ಮುಂದೆಯೇ ಹೇಳುತ್ತಿದ್ದರು, ಅಂಗಿಯ ಬಣ್ಣ ಸಮೇತ.

"ಗಂಡ ಇಲ್ಲದಾಗ ನಿಂಗೆ ಅಷ್ಟು ದೊಡ್ಡ ಮಂಚ ಎಂತಕ್ಕೆ?" ಎಂದರು ಮೈಮೂನಕ್ಕ ಮಗಳಿಗೆ. ಒಂದು ವಾರ ಬಿಟ್ಟು ಬೀಗದ ಕೈ ನನ್ನ ಕೈಗೆ ಕೊಟ್ಟರು. ಹಫ್ಸಾ ತನ್ನ ಬಟ್ಟೆಯನ್ನು ಎರಡು ಸೂಟ್‌ಕೇಸಿನಲ್ಲಿ ತುಂಬಿ ತಾಯಿಯ ಕೋಣೆಗೆ ಹೋದಳು. ಮದುವೆಯಾದ ಮಗಳು ತಾಯಿಯ ಪಕ್ಕ ಚಾಪೆ ಹಾಕಿ ಮಲಗತೊಡಗಿದಳು.

ಕೋಣೆ ಓಡಿದ್ದೇ ಓಡಿದ್ದು. ಬೈಪಾಸ್ ಆದವರ ಮಕ್ಕಳು ಬಂದರು, ಕಿಡ್ನಿಯವರು ಬಂದರು, ಕಾಸರಗೋಡಿನವರು, ಹಾಸನದವರು. ಒಬ್ಬರು ಹೋದ ಮಧ್ಯಾಹ್ನವೇ ಇನ್ನೊಬ್ಬರು. ಮೈಮೂನಕ್ಕ ಬಂದವರಿಗೆ ಗಂಜಿ ಬೇಯಿಸಿ ಕೊಡುತ್ತಿದ್ದರು, ಅದಕ್ಕೆ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಗಂಜಿಯ ಹೆಸರು ಕೇಳಿಯೇ ಜನ ಬರುತ್ತಾರೆ, ಅದರಿಂದ ಕೋಣೆ ಖಾಲಿ ಬೀಳುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೆ ಬಡಿಸುವಾಗ ಅವರ ಮುಖದಲ್ಲಿ ಲೆಕ್ಕ ಇರಲಿಲ್ಲ. ಈ ಎರಡೂ ಒಂದೇ ಹೆಂಗಸಿನಲ್ಲಿ ಹೇಗೆ ಇರುತ್ತವೆ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಏಪ್ರಿಲಿನಲ್ಲಿ ಪಾತುಮ್ಮ ಬಂದರು. ಸೋಮವಾರಪೇಟೆ ಕಡೆಯವರು, ಅರುವತ್ತೆಂಟು ವರ್ಷ, ಗಂಟಲ ಕ್ಯಾನ್ಸರ್. ಜೊತೆಗೆ ಮಗಳು ಆಯಿಶಾ, ಕಾಫಿ ತೋಟದಲ್ಲಿ ಕೂಲಿಗೆ ಹೋಗುವವಳು, ಇದ್ದ ಎರಡು ಬಳೆ ಮಾರಿ ಬಂದಿದ್ದಳು. ಮೂವತ್ತು ಸಲ ಕರೆಂಟು, ಅಂದರೆ ರೇಡಿಯೇಷನ್, ಕೊಡಿಸಬೇಕಿತ್ತು. ಸುಹೈಬ್ ಮೇ ತಿಂಗಳ ಕೊನೆಗೆ ಬರುವವನು, ಅಲ್ಲಿಯವರೆಗೆ ಕೋಣೆ ಇವರಿಗೆ ಎಂದು ಮಾತಾಯಿತು. ಹೆಚ್ಚು ದಿನದವರೆಂದು ದಿನಕ್ಕೆ ಇನ್ನೂರು ಬಿಟ್ಟು, ಮೇ ಇಪ್ಪತ್ತೈದರವರೆಗಿನ ಬಾಡಿಗೆ ಮುಂಗಡ ತೆಗೆದುಕೊಂಡೆವು.

ಮೈಮೂನಕ್ಕನಿಗೂ ಪಾತುಮ್ಮನಿಗೂ ಬೇಗ ಹೊಂದಿಕೆಯಾಯಿತು. ಸಂಜೆ ನಮಾಜು ಮುಗಿಸಿ ಮೈಮೂನಕ್ಕ ಪಾತುಮ್ಮನ ಪಕ್ಕ ಕೂತು ಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು. ಹೊಳೆಯಲ್ಲಿ ಬರುವ ದೋಣಿ ಕಾಣಲಿ ಎಂದು ಮಂಚವನ್ನು ಕಿಟಕಿಗೆ ತಿರುಗಿಸಿದ್ದರು. ಪಾತುಮ್ಮನಿಗೆ ಮಾತಾಡಲು ಕಷ್ಟ, ಆದರೂ ಹಫ್ಸಾಳನ್ನು ಕರೆದು ತಲೆ ಮುಟ್ಟಿ ಏನೋ ಓದಿ ಊದುತ್ತಿದ್ದರು, ಮಗುವಾಗಲಿ ಎಂದು. ಹಫ್ಸಾ ದಿನಾ ತಾನಾಗಿ ಬಂದು ತಲೆ ಕೊಟ್ಟು ಕೂತುಕೊಳ್ಳುತ್ತಿದ್ದಳು.

ಇಪ್ಪತ್ತೆರಡನೇ ಸಲಕ್ಕೆ ಪಾತುಮ್ಮ ಕುಸಿದರು. ಇನ್ನು ಕರೆಂಟು ತಡೆಯುವ ಶಕ್ತಿ ಅವರಿಗಿಲ್ಲ, ನೋವಿಗೆ ಮದ್ದು ಕೊಡುತ್ತೇವೆ, ಸ್ವಲ್ಪ ಸುಧಾರಿಸಿದರೆ ಊರಿಗೆ ಕರೆದುಕೊಂಡು ಹೋಗಿ ಎಂದರು ಡಾಕ್ಟರು. ಘಾಟಿಯ ರಸ್ತೆಯಲ್ಲಿ ನಾಲ್ಕೈದು ತಾಸು ಕುಲುಕಾಡುವ ಸ್ಥಿತಿಯಲ್ಲಿ ಅವರು ಇರಲಿಲ್ಲ. ಎಸಿ ಹಾಕಿದರೆ ಮಾತ್ರ ನಿದ್ದೆ ಬರುತ್ತಿತ್ತು. ಮೇ ತಿಂಗಳ ಮಂಗಳೂರಿನ ಸೆಕೆಯಲ್ಲಿ ಗಟ್ಟಿಮುಟ್ಟಾದವರೇ ಬೇಯುತ್ತಾರೆ.

ಹದಿನಾರನೇ ತಾರೀಕು ಬೆಳಿಗ್ಗೆ ಮೈಮೂನಕ್ಕ ಫೋನು ಮಾಡಿದರು. ಓಡಿಕೊಂಡು ಹೋದೆ. ಸುಹೈಬನಿಗೆ ಟಿಕೆಟು ಕಡಿಮೆಗೆ ಸಿಕ್ಕಿತಂತೆ, ನಾಡಿದ್ದೇ ಬರುತ್ತಾನಂತೆ.

"ಅವರನ್ನು ಇವತ್ತೇ ಖಾಲಿ ಮಾಡಿಸಿ ಶೀನಪ್ಪಣ್ಣ."

"ಎಲ್ಲಿಗೆ ಖಾಲಿ ಮಾಡಿಸುದು? ಎದ್ದು ಕೂತ್ಕೊಳ್ಳಿಕ್ಕೆ ಆಗುದಿಲ್ಲ ಅವರಿಗೆ. ಹತ್ತು ದಿನ ನಿಮ್ಮ ಕೋಣೆಗೆ ಹಾಕಿ."

"ಯಾರಿವರು ಅಂತ ಕೇಳುದಿಲ್ವಾ ಅವನು? ಕಾವೂರಿನಿಂದ ಅವನ ಉಮ್ಮ ಬರ್ತಾರೆ, ತಂಗಿಯಂದಿರು ಬರ್ತಾರೆ."

"ಸಂಬಂಧಿಕರು ಅಂತ ಹೇಳಿ."

"ನಮ್ಮ ಸಂಬಂಧಿಕರಲ್ಲಿ ಯಾರು ಉಂಟು, ಯಾರು ಸತ್ತಿದ್ದಾರೆ ಅಂತ ಅವರಿಗೆ ನನಗಿಂತ ಚೆನ್ನಾಗಿ ಗೊತ್ತುಂಟು. ಮತ್ತೆ, ಅಳಿಯ ಬಂದ ದಿನ ಮನೆಯಲ್ಲಿ ಎಂತಾದ್ರೂ ಆಗಿಹೋದ್ರೆ?" ಸಾವು ಎಂಬ ಮಾತನ್ನು ಅವರು ಬಾಯಿಂದ ತೆಗೆಯಲಿಲ್ಲ.

ನಾನು ಹಫ್ಸಾಳನ್ನು ನೋಡಿದೆ. ಅವಳಾದರೂ ಬೇಡ ಅನ್ನುತ್ತಾಳೆ ಎಂದುಕೊಂಡಿದ್ದೆ. ದಿನಾ ಆಶೀರ್ವಾದ ತೆಗೆದುಕೊಂಡ ತಲೆ ಅದು. "ನಂಗೆ ವರ್ಷಕ್ಕೆ ಆ ನಲ್ವತ್ತು ದಿನ ಬಿಟ್ಟು ಬೇರೆ ಎಂತ ಉಂಟು ಅಂಕಲ್?" ಎಂದಳು. ಮತ್ತೆ ತಗ್ಗಿದ ಸ್ವರದಲ್ಲಿ, "ಬೇಗ ಹೋದ್ರೆ ವಾಸನೆ ಹೋಗ್ಲಿಕ್ಕೆ ಟೈಮ್ ಸಿಗ್ತದೆ" ಎಂದಳು.

ಬಾಗಿಲು ತೆರೆದೇ ಇತ್ತು. ಪಾತುಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಆಯಿಶಾ ಎದ್ದು ಬಂದು, ಮುಂಗಡ ಕೊಟ್ಟಿದ್ದೇವಲ್ಲ, ಒಂದು ರಾತ್ರಿಯಾದರೂ ಬಿಡಿ ಎಂದಳು. ಅದಕ್ಕೆ ಮೈಮೂನಕ್ಕ, "ಹಾಸಿಗೆ ಬಿಸಿಲಿಗೆ ಹಾಕ್ಲಿಕ್ಕುಂಟು ಮಗಾ" ಎಂದರು. ಮಗಾ ಎಂದೇ ಕರೆದರು. ಒಳಗಿನಿಂದ ಪಾತುಮ್ಮ ಕೈಸನ್ನೆ ಮಾಡಿ ಮಗಳನ್ನು ಕರೆದರು. ಹತ್ತಿರ ಹೋಗಿ ಬಗ್ಗಿದರೆ ಮಾತ್ರ ಅವರ ಮಾತು ತಿಳಿಯುತ್ತಿತ್ತು. ಅಳಿಯ ಬರುವಾಗ ಕೋಣೆ ಬಿಟ್ಟುಕೊಡಬೇಕು, ಅದು ಸರಿಯೇ, ನಮ್ಮ ಮನೆಯಾದರೆ ನಾನೂ ಹಾಗೆಯೇ ಮಾಡುತ್ತಿದ್ದೆ ಎಂದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಬಂದು ರಿಕ್ಷಾಕ್ಕೆ ಫೋನು ಮಾಡಿದೆ.

ಸ್ಟೇಟ್ ಬ್ಯಾಂಕ್ ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಲಾಡ್ಜಿನಲ್ಲಿ ಕೋಣೆ ಸಿಕ್ಕಿತು. ಅವರ ದುಡ್ಡಿಗೆ ಸಿಕ್ಕಿದ್ದು ಮೂರನೇ ಮಹಡಿಯಲ್ಲಿ, ಎಸಿ ಇಲ್ಲದ್ದು, ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಲಿಫ್ಟು ಇರಲಿಲ್ಲ. ಪಾತುಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಸೀರೆಯಿಂದ ಕಟ್ಟಿ, ನಾನೂ ರಿಕ್ಷಾದವನೂ ಹೊತ್ತುಕೊಂಡು ಹತ್ತಿದೆವು. ಮೈಯಲ್ಲಿ ಭಾರವೇ ಇರಲಿಲ್ಲ. ಪ್ರತಿ ತಿರುವಿನಲ್ಲಿ ಕುರ್ಚಿ ಗೋಡೆಗೆ ತಾಗುತ್ತಿತ್ತು, ತಾಗಿದಾಗೆಲ್ಲ ಅವರು ಕಣ್ಣು ಮುಚ್ಚುತ್ತಿದ್ದರು, ಶಬ್ದ ಮಾಡುತ್ತಿರಲಿಲ್ಲ. ಮೈಮೂನಕ್ಕ ಬಾಕಿ ದಿನಗಳ ಬಾಡಿಗೆಯನ್ನು ಒಂದು ರೂಪಾಯಿ ಕಡಿಮೆ ಮಾಡದೆ ವಾಪಸು ಕಳಿಸಿದ್ದರು, ಜೊತೆಗೆ ಒಂದು ಡಬ್ಬಿಯಲ್ಲಿ ಗಂಜಿ. ಕೆಳಗೆ ಇಳಿದಾಗ ಲಾಡ್ಜಿನ ಮ್ಯಾನೇಜರ್ ಗಿರಾಕಿ ತಂದದ್ದಕ್ಕೆ ನನ್ನ ಕೈಗೆ ಇನ್ನೂರು ರೂಪಾಯಿ ಇಟ್ಟ. ತೆಗೆದುಕೊಂಡೆ. ಬೇಡ ಅನ್ನಲು ಬಾಯಿ ಬರಲಿಲ್ಲ, ಅಭ್ಯಾಸ.

ತಾಯಿ ಮಗಳು ಎರಡು ದಿನ ಆ ಕೋಣೆಯನ್ನು ತಿಕ್ಕಿದರು. ಡೆಟಾಲು ಹಾಕಿ ನೆಲ ಒರೆಸಿದರು, ಪರದೆ ಬದಲಾಯಿಸಿದರು, ಲೋಬಾನದ ಹೊಗೆ ಹಾಕಿದರು. ಹಾಸಿಗೆಯ ಮೇಲೆ ಒಂದು ಕಲೆ ಎಷ್ಟು ತಿಕ್ಕಿದರೂ ಹೋಗಲಿಲ್ಲವೆಂದು ಹಾಸಿಗೆಯನ್ನೇ ಎಸೆದು ಹದಿನೆಂಟು ಸಾವಿರದ ಹೊಸದು ತಂದರು. ಮಂಚ ಮತ್ತೆ ಗೋಡೆಗೆ ತಿರುಗಿತು.

ಸುಹೈಬ್ ಬಂದ. ನಾಲ್ಕನೇ ದಿನ ಬೆಳಿಗ್ಗೆ ಅವನದೇ ಫೋನು ಬಂತು. "ಶೀನಪ್ಪಂಕಲ್, ಒಮ್ಮೆ ಮನೆಗೆ ಬನ್ನಿ. ಕೋಣೆಯ ವಿಷಯ ಮಾತಾಡ್ಲಿಕ್ಕುಂಟು."

ಅವನಿಗೆ ಗೊತ್ತಾಯಿತು, ಹಫ್ಸಾಳ ಗತಿ ಮುಗಿಯಿತು ಎಂದುಕೊಂಡೆ. ಹೋದಾಗ ಮೈಮೂನಕ್ಕ ಬಾಗಿಲಲ್ಲೇ ನಿಂತಿದ್ದರು, ಮುಖದಲ್ಲಿ ರಕ್ತ ಇರಲಿಲ್ಲ. ಹಫ್ಸಾ ಚಹಾದ ತಟ್ಟೆ ಹಿಡಿದಿದ್ದಳು. ಸುಹೈಬ್ ಕೋಣೆಯಲ್ಲಿ ಮಂಚದ ಮೇಲೆ ಕಾಲು ಮಡಚಿ ಕೂತಿದ್ದ. ಒಳ್ಳೆಯ ಹುಡುಗ, ಮೆತ್ತಗಿನ ಮಾತು. ನನಗೆ ಕುರ್ಚಿ ತೋರಿಸಿದ.

"ನನ್ನ ಫ್ರೆಂಡ್ ಅಝರ್‌ನ ಮಾವ ಜನವರಿಯಲ್ಲಿ ಈ ಕೋಣೆಯಲ್ಲಿ ಇದ್ರಂತಲ್ಲ, ಆಪರೇಷನಿಗೆ ಬಂದಾಗ. ತುಂಬ ಹೊಗಳಿದ. ಮಾಮಿ ಗಂಜಿ ಸಹ ಕೊಡ್ತಾರಂತೆ."

ಅವನು ಚಹಾ ತೆಗೆದುಕೊಂಡ.

"ಸಾವಿರದ ಇನ್ನೂರು ಕಡಿಮೆ ಆಯ್ತು ಅಂಕಲ್. ಎಸಿ ಉಂಟು, ಆಸ್ಪತ್ರೆ ಹತ್ತಿರ ಉಂಟು. ಸಾವಿರದ ಎಂಟುನೂರಕ್ಕೆ ಹೋಗುದಿಲ್ವಾ?"

"ನಿಮಗೆ ಜನವರಿಯಿಂದ ಗೊತ್ತಿತ್ತಾ?" ಎಂದಳು ಹಫ್ಸಾ.

"ಹೂಂ. ಖಾಲಿ ಬಿದ್ದಿರುದಕ್ಕಿಂತ ಒಳ್ಳೇದಲ್ವಾ. ನಾನು ಎಂತಕ್ಕೆ ಹೇಳ್ಬೇಕು?" ಅವನಿಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಮಾಮಿ, ಇನ್ನು ನನಗಾಗಿ ಕೋಣೆ ಕಟ್ಟಿ ಹಾಕ್ಬೇಡಿ. ಈ ಸಲ ನಂಗೆ ಒಂದೇ ವಾರ ರಜೆ. ಕಾವೂರಲ್ಲಿ ಒಂದು ಫ್ಲ್ಯಾಟ್ ತಗೊಂಡಿದ್ದೇನೆ, ಅದನ್ನು ಏರ್‌ಪೋರ್ಟಿನವರಿಗೆ ಬಾಡಿಗೆಗೆ ಕೊಡ್ಲಿಕ್ಕೆ ಬಂದದ್ದು. ಮುಂದಿನ ಸಲದಿಂದ ಉಮ್ಮನ ಮನೆಯಲ್ಲೇ ಇರ್ತೇನೆ."

"ನಾನು?" ಎಂದಳು ಹಫ್ಸಾ.

"ನೀನು ಹೇಗೂ ಮಾಮಿಯ ಜೊತೆ ಮಲಗ್ತಿಯಲ್ಲ."

ಮೈಮೂನಕ್ಕ ಚಿಕಿತ್ಸೆಯ ಮಾತೆತ್ತಿದರು. ಎರಡು ಲಕ್ಷದ ನಲವತ್ತು ಸಾವಿರ ಕೂಡಿಟ್ಟಾಗಿದೆ, ಡಾಕ್ಟರ ಹತ್ತಿರ ದಿನ ಕೇಳಿಯಾಗಿದೆ ಎಂದರು. ಒಂದು ವಾರದಲ್ಲಿ ಅದೆಲ್ಲ ಆಗುವ ಮಾತಲ್ಲ, ಮುಂದೆ ನೋಡುವ ಎಂದ ಸುಹೈಬ್. ಆಮೇಲೆ ಕಿಟಕಿಯ ಪಕ್ಕದ ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿದ. "ಆ ದುಡ್ಡಲ್ಲಿ ಇಲ್ಲಿಂದ ಹೊರಗೆ ಬೇರೆ ಬಾಗಿಲು ಇಡಿಸಿ ಮಾಮಿ. ಬಂದವರು ಮನೆಯೊಳಗಿಂದ ಹೋಗುದು ಬೇಡ. ಬೇರೆ ಬಾಗಿಲು ಇದ್ರೆ ಬಾಡಿಗೆ ಎರಡು ಸಾವಿರ ಕೇಳ್ಬಹುದು, ಅಲ್ವಾ ಅಂಕಲ್?"

ಕೇಳಬಹುದು. ಅದು ಸರಿಯಾದ ಲೆಕ್ಕ. ನಾನೇ ಆದರೂ ಹಾಗೆಯೇ ಹೇಳುತ್ತಿದ್ದೆ.

ಮೈಮೂನಕ್ಕ ನನ್ನ ಕಡೆ ತಿರುಗಿದರು. "ಶೀನಪ್ಪಣ್ಣ, ಪಾತುಮ್ಮನನ್ನು ಈಗಲೇ ಕರ್ಕೊಂಡು ಬನ್ನಿ. ಬಾಡಿಗೆ ಬೇಡ. ಎಷ್ಟು ದಿನ ಬೇಕಾದ್ರೂ ಇರ್ಲಿ. ರಿಕ್ಷಾ ಬೇಡ, ಕಾರು ಮಾಡಿ."

ನಾನು ಅವರಿಗೆ ಹೇಳಿರಲಿಲ್ಲ. ಆ ದಿನ ಬೆಳಿಗ್ಗೆ, ಸುಹೈಬನ ಫೋನಿಗಿಂತ ಮೊದಲು, ಆಯಿಶಾಳ ಫೋನು ಬಂದಿತ್ತು. ಊರಿಗೆ ಸಾಗಿಸಲು ಆಂಬುಲೆನ್ಸು ಎಷ್ಟಾಗುತ್ತದೆ ಎಂದು ಕೇಳಿದ್ದಳು. ಕೊನೆಯ ಎರಡು ದಿನ ಸೆಕೆಗೆ ಅವರು ಕಣ್ಣು ಮುಚ್ಚಲೇ ಇಲ್ಲವಂತೆ, ಒದ್ದೆ ಬಟ್ಟೆಯಲ್ಲಿ ಮೈ ಒರೆಸುತ್ತಲೇ ಕೂತಿದ್ದೆ ಎಂದಿದ್ದಳು.

"ಪಾತುಮ್ಮ ತೀರಿಹೋದ್ರು ಮೈಮೂನಕ್ಕ. ಇವತ್ತು ಬೆಳಿಗ್ಗೆ. ಈಗ ಗಾಡಿ ಘಾಟಿ ಹತ್ತಿರಬಹುದು."

ಅವರು ಇದ್ದಲ್ಲೇ ನೆಲಕ್ಕೆ ಕೂತರು. "ಒಂದು ಮಾತು ಫೋನಲ್ಲಿ ಕೇಳಿದ್ರೆ ಆಗ್ತಿತ್ತು" ಎಂದರು. "ಇವನ ಹತ್ತಿರ ಒಂದೇ ಒಂದು ಮಾತು." ಹಫ್ಸಾ ತಟ್ಟೆಯನ್ನು ಮೇಜಿನ ಮೇಲಿಟ್ಟು ಗೋಡೆಗೆ ಮುಖ ಮಾಡಿ ನಿಂತಳು. ತಾಯಿಯನ್ನು ಎತ್ತಲು ಬರಲಿಲ್ಲ.

ಸುಹೈಬ್ ಎಲ್ಲರ ಮುಖ ನೋಡಿದ. "ಯಾರವರು, ಪಾಪ?" ಎಂದು ಕೇಳಿದ. ಅವನ ಮರುಕ ನಿಜವಾದದ್ದು, ಅದರಲ್ಲಿ ನನಗೆ ಸಂಶಯ ಇಲ್ಲ. ಆಮೇಲೆ ತಗ್ಗಿದ ಸ್ವರದಲ್ಲಿ ನನ್ನನ್ನು ಕೇಳಿದ, "ಬೇರೆ ಪಾರ್ಟಿ ಯಾರಾದ್ರೂ ಉಂಟಾ ಅಂಕಲ್? ನಾನು ಇವತ್ತೇ ಕಾವೂರಿಗೆ ಹೋಗ್ತೇನೆ."

ನನ್ನ ಆಫೀಸಿನ ಮೆಟ್ಟಿಲ ಕೆಳಗೆ ಬೆಳಿಗ್ಗೆಯಿಂದ ಇಬ್ಬರು ಕಾಯುತ್ತಿದ್ದರು. ಒಬ್ಬನ ಹೆಂಡತಿಗೆ ಮಿದುಳಿನ ಆಪರೇಷನ್. ನೆಲದಲ್ಲಿ ಕೂತ ಮೈಮೂನಕ್ಕನನ್ನು ನೋಡಿದೆ, ಅವರೂ ನನ್ನನ್ನೇ ನೋಡುತ್ತಿದ್ದರು.

"ಉಂಟು" ಎಂದೆ.